ಚಿಪ್ ಬದಲಾಯಿಸೋ ಮುಂಚೆ ಈ ನಾಲ್ಕು ಕಾಲಂ ನೋಡಿ

(1/4)
ಫೋಟೋದಲ್ಲಿರೋದು ಶ್ರೀನಿವಾಸಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೋಟದ ಸ್ಟಾರ್ಟರ್ ಡಬ್ಬ. "ಇದೂ ಒಂದು ಪೋಸ್ಟಾ ಮಗಾ?" ಅಂತ ನಗಬೇಡಿ. ಕಳೆದ ಬೇಸಿಗೇಲಿ ಈ ಡಬ್ಬದೊಳಗಿನ ಬೋರ್ಡ್ ತನ್ನ ಸೆಟ್ಟಿಂಗ್ ಮರೆತು ಬೋರ್‌ವೆಲ್ ಮೋಟರ್ ಸುಟ್ಟುಹೋಯ್ತು. ಪೈಪೆಲ್ಲಾ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಟೊಮೊಟೊ ಗಿಡ ಬಾಡಿತ್ತು. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ ನಮ್ದು. ಬೋರ್ ನಿಂತ್ರೆ ಏನಾಗುತ್ತೆ ಅಂತ ಮುಳಬಾಗಿಲು, ಮಾಲೂರು ಕಡೆಯವರಿಗೂ ನಾನು ಹೇಳಬೇಕಿಲ್ಲ.

ಆಗಿದ್ದಿಷ್ಟು. ಹಳೇ ಬೋರ್ಡ್ ಸಿಡಿಲಿಗೆ ಹೋಗಿತ್ತು. ಹೊಸದು ಹಾಕಿಸಿದಾಗ ಅಂಗಡಿಯವರು, "ಹೊಸ ಚಿಪ್ಪು, ಮೆಮೊರಿ ಡಬಲ್, ರೇಟೂ ಕಮ್ಮಿ" ಅಂದ್ರು. ಎರಡೂ ನಿಜವೇ. ಆದ್ರೂ ಒಂದಿನ ಕರೆಂಟ್ ಹೋಗಿ ಬಂದ್ಮೇಲೆ, ನೀರಿಲ್ಲದಿದ್ರೆ ಮೋಟರ್ ನಿಲ್ಲಿಸೋ ಡ್ರೈ ರನ್ ಸೆಟ್ಟಿಂಗ್ ಅಳಿಸಿಹೋಗಿತ್ತು. ಬೋರಲ್ಲಿ ನೀರು ಕೆಳಗಿಳಿದ್ರೂ ಮೋಟರ್ ಓಡ್ತಾನೇ ಇತ್ತು.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿರೋ ನಮ್ಮ ದೊಡ್ಡಪ್ಪನ ಮಗ ಬೋರ್ಡ್ ಬಿಚ್ಚಿ ನೋಡಿ, ಕಾರಣ ಹೇಳಿದ. ನಾನು ಬಿಕಾಂ ಹುಡುಗ. ನನಗೆ ಅದು ಅರ್ಥ ಆಗಿದ್ದು ಲೆಡ್ಜರ್ ಲೆಕ್ಕದಲ್ಲಿ. ನಿಮಗೂ ಹಾಗೇ ಹೇಳ್ತೀನಿ.

(2/4)
ಕರೆಂಟ್ ಹೋದ್ರೂ ಚಿಪ್ ಮರೀಬಾರದ್ದೆಲ್ಲ ಇರೋದು ಫ್ಲ್ಯಾಶ್ ಮೆಮೊರೀಲಿ, ಇಲ್ಲಾಂದ್ರೆ ಈಪ್ರಾಮ್‌ನಲ್ಲಿ. ಹಳೇ ಬೋರ್ಡಲ್ಲಿದ್ದಿದ್ದು ಎಟಿಮೆಗಾ328ಪಿ. ಆರ್ಡುಯಿನೋ ಊನೋದಲ್ಲಿ ಇರುತ್ತಲ್ಲ, ಅದೇ. ಅದರಲ್ಲಿ ಪ್ರೋಗ್ರಾಂಗೆ 32 ಕೆಬಿ ಫ್ಲ್ಯಾಶ್, ಸೆಟ್ಟಿಂಗ್ ಬರೆದಿಡೋಕೆ ಬೇರೆಯಾಗಿ 1 ಕೆಬಿ ಈಪ್ರಾಮ್. ಈಪ್ರಾಮ್‌ನಲ್ಲಿ ಒಂದೊಂದೇ ಬೈಟ್ ತಿದ್ದಬಹುದು, ಪಕ್ಕದ್ದನ್ನ ಮುಟ್ಟೋ ಹಾಗಿಲ್ಲ. 1,00,000 ಸಲ ಬರೆದ್ರೂ ತಡೆಯುತ್ತೆ ಅಂತ ಡೇಟಾಶೀಟ್ ಹೇಳುತ್ತೆ.

ಹೊಸ ಬೋರ್ಡಲ್ಲಿರೋದು ಎಸ್‌ಟಿಎಂ32ಎಫ್103ಸಿ8. 64 ಕೆಬಿ ಫ್ಲ್ಯಾಶ್, ಸ್ಪೀಡೂ ಜಾಸ್ತಿ. ಆದ್ರೆ ಈಪ್ರಾಮೇ ಇಲ್ಲ! ಸೆಟ್ಟಿಂಗನ್ನೂ ಫ್ಲ್ಯಾಶಲ್ಲೇ ಬರೀಬೇಕು. ಫ್ಲ್ಯಾಶಲ್ಲಿ ಒಮ್ಮೆ ಬರೆದ ಜಾಗಕ್ಕೆ ಬೇರೆ ಅಂಕಿ ಹಾಕ್ಬೇಕಂದ್ರೆ ಆ ಪೇಜ್ ಪೂರ್ತಿ, ಅಂದ್ರೆ 1 ಕೆಬಿ, ಅಳಿಸಬೇಕು. ಅಳಿಸೋಕೆ 20ರಿಂದ 40 ಮಿಲಿಸೆಕೆಂಡ್ ಬೇಕು. ತಾಳಿಕೆ 10,000 ಸಲ.

ಈ ಬೋರ್ಡ್ ಮಾಡಿದವರು ಡ್ರೈ ರನ್ ಸೆಟ್ಟಿಂಗನ್ನೂ, ಮೋಟರ್ ಎಷ್ಟು ಹೊತ್ತು ಓಡ್ತು ಅನ್ನೋ ಲೆಕ್ಕವನ್ನೂ ಒಂದೇ ಪೇಜಲ್ಲಿ ಇಟ್ಟಿದ್ರು. 10 ನಿಮಿಷಕ್ಕೊಮ್ಮೆ ಪೇಜ್ ಪೂರ್ತಿ ಅಳಿಸಿ ಮತ್ತೆ ಬರೀತಿತ್ತು. ಅಳಿಸಿ ಇನ್ನೂ ಬರೆಯೋದ್ರೊಳಗೆ ಕರೆಂಟ್ ಹೋಯ್ತು ಅಂದ್ಕೊಳ್ಳಿ. ಹಳೇದೂ ಇಲ್ಲ, ಹೊಸದೂ ಇಲ್ಲ. ನಮ್ಮ ಕಡೆ ಕರೆಂಟ್ ಹೇಳಿ ಹೋಗುತ್ತಾ?

(3/4)
ಈಗ ಲೆಕ್ಕ ಹಾಕಿ. ತ್ರೀ ಫೇಸ್ ದಿನಕ್ಕೆ 7 ಗಂಟೆ ಅಂತ ಇಟ್ಕೊಳ್ಳಿ. 10 ನಿಮಿಷಕ್ಕೊಮ್ಮೆ ಅಂದ್ರೆ ದಿನಕ್ಕೆ 42 ಸಲ ಬರೆಯೋದು.

ಹಳೇ ಚಿಪ್: 1,00,000 ÷ 42 = ಸುಮಾರು 2,380 ದಿನ. ಆರೂವರೆ ವರ್ಷ.
ಹೊಸ ಚಿಪ್: 10,000 ÷ 42 = ಸುಮಾರು 238 ದಿನ. ಎಂಟು ತಿಂಗಳು!

ಇದು ಗ್ಯಾರಂಟಿ ಲೆಕ್ಕ, ಮಾರನೇ ದಿನವೇ ಕೆಡುತ್ತೆ ಅಂತಲ್ಲ. ಆದ್ರೆ "ಮೆಮೊರಿ ಡಬಲ್" ಅಂದವರ ಬಾಯಲ್ಲಿ ಈ ಲೆಕ್ಕ ಬರಲೇ ಇಲ್ಲ ನೋಡಿ.

ಹಾಗಾದ್ರೆ ಹೊಸ ಚಿಪ್ ಕೆಟ್ಟದ್ದಾ? ಅಲ್ಲವೇ ಅಲ್ಲ. ಬಳಸೋ ಕ್ರಮ ಬದಲಾಗಬೇಕಿತ್ತು, ಅಷ್ಟೇ. ನಮಗೆ ಫಸ್ಟ್ ಇಯರಲ್ಲೇ ಹೇಳಿಕೊಟ್ಟಿಲ್ವಾ, ಲೆಡ್ಜರಲ್ಲಿ ರಬ್ಬರ್ ಹಾಕಬೇಡಿ, ಕೆಳಗಿನ ಸಾಲಲ್ಲಿ ಹೊಸ ಎಂಟ್ರಿ ಮಾಡಿ ಅಂತ? ಫ್ಲ್ಯಾಶಿಗೂ ಅದೇ ನಿಯಮ. ಎರಡು ಪೇಜ್ ಇಟ್ಕೊಳ್ಳಿ. 8 ಬೈಟಿನ ಎಂಟ್ರಿ ಅಂದ್ರೆ ಒಂದು ಪೇಜಲ್ಲಿ ಸುಮಾರು 125 ಹಿಡಿಯುತ್ತೆ. ಪೇಜ್ ತುಂಬಿದ್ರೆ ಬ್ಯಾಲೆನ್ಸನ್ನ ಇನ್ನೊಂದು ಪೇಜಿಗೆ ಕ್ಯಾರಿ ಫಾರ್ವರ್ಡ್ ಮಾಡಿ, ಸರಿಯಾಗಿ ಬರೆದಿದೆಯಾ ನೋಡಿ, ಆಮೇಲೆ ಹಳೇದನ್ನ ಅಳಿಸಿ. ಆಗ ಒಂದೊಂದು ಪೇಜ್ ಅಳಿಸೋದು 250 ಎಂಟ್ರಿಗೆ ಒಂದೇ ಸಲ. ಅದೇ ಚಿಪ್ಪು 25 ಲಕ್ಷ ಎಂಟ್ರಿ ತಡೆಯುತ್ತೆ, ನಮ್ಮ ಲೆಕ್ಕಕ್ಕೆ ನೂರು ವರ್ಷ ದಾಟುತ್ತೆ. ಯಾವ ಕ್ಷಣದಲ್ಲಿ ಕರೆಂಟ್ ಹೋದ್ರೂ ಒಂದು ಪುಸ್ತಕ ಉಳಿದೇ ಇರುತ್ತೆ.

ಪ್ರಾಜೆಕ್ಟ್ ಮಾಡೋ ಫ್ರೆಂಡ್ಸಿಗೆ ಒಂದು ಮಾತು. ಊನೋದಲ್ಲಿ ಬರೆದ ಈಪ್ರಾಮ್ ಕೋಡನ್ನ ಇಎಸ್‌ಪಿ8266ಗೆ ಹಾಕಿದಾಗ, ಎರಡು ಸಾಲು ಸೇರಿಸಿದ್ರೆ ಅದೂ ಓಡುತ್ತೆ. ಲೈಬ್ರರಿ ಹೆಸರೂ ಅದೇ. ಆದ್ರೆ ಆ ಚಿಪ್ಪಲ್ಲೂ ಈಪ್ರಾಮ್ ಇಲ್ಲ. ಬದಲಾದ ಡೇಟಾ ಕಮಿಟ್ ಮಾಡಿದಾಗೆಲ್ಲ ಹಿಂದೆ 4 ಕೆಬಿ ಫ್ಲ್ಯಾಶ್ ಅಳಿಸಿ ಮತ್ತೆ ಬರೆಯುತ್ತೆ. ಹೆಸರು ಅದೇ, ಒಳಗಿನ ಕೆಲಸ ಬೇರೆ.

(4/4)
ಇದು ಇಂಜಿನಿಯರುಗಳ ತಲೆನೋವು, ನಮಗ್ಯಾಕೆ ಅನ್ನೋರಿಗೆ ನನ್ನ ಉತ್ತರ ಇದು. 2021ರ ಚಿಪ್ ಕೊರತೇಲಿ ಎಷ್ಟೋ ಕಂಪನಿಗಳು ಸಿಕ್ಕಿದ ಚಿಪ್ಪಿಗೆ ಡಿಸೈನ್ ಬದಲಾಯಿಸಿಕೊಂಡ್ವು. ಅಂಥಾ ಬದಲಾವಣೆಯ ಕಾಗದ ಪರ್ಚೇಸ್, ಅಕೌಂಟ್ಸ್ ಟೇಬಲ್ ಮೇಲೂ ಬರುತ್ತೆ. ನಾಳೆ ನರಸಾಪುರ, ವೇಮಗಲ್, ಮಾಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಆ ಟೇಬಲ್ ಹಿಂದೆ ಕೂರೋರು ನಾವೇ. ರೇಟು, ಕೆಬಿ ಎರಡೇ ಕಾಲಂ ನೋಡಿ ಸೈನ್ ಹಾಕಿದ್ರೆ, ಉಳಿಸಿದ ದುಡ್ಡಿನ ಬಿಲ್ ಯಾವನೋ ರೈತನ ತೋಟಕ್ಕೆ ಹೋಗುತ್ತೆ.

ಅದಕ್ಕೇ ಇನ್ನೂ ನಾಲ್ಕು ಕಾಲಂ ಕೇಳಿ:
1. ಡೇಟಾಗೆ ಬೇರೆ ಈಪ್ರಾಮ್ ಇದೆಯಾ?
2. ಒಂದು ಸಲಕ್ಕೆ ಕನಿಷ್ಠ ಎಷ್ಟು ಅಳಿಸಬೇಕು?
3. ಎಷ್ಟು ಸಲ ಅಳಿಸಿ ಬರೀಬಹುದು, ನಮ್ಮ ಬಳಕೆಗೆ ಅದು ಎಷ್ಟು ದಿನ?
4. ಬರೆಯೋವಾಗ ಕರೆಂಟ್ ಹೋದ್ರೆ ಏನು ಉಳಿಯುತ್ತೆ?

ನಾಲ್ಕನೇದಕ್ಕೆ ಉತ್ತರ ಬಾಯಲ್ಲಿ ಬೇಡ. ನಿಮ್ಮೆದುರೇ ನೂರು ಸಲ ಸ್ವಿಚ್ ಆಫ್ ಆನ್ ಮಾಡಿ ತೋರಿಸಲಿ.

ಚಿಕ್ಕಪ್ಪನ ಬೋರ್ಡಿಗೆ ಅಣ್ಣ ಹೊಸ ಪ್ರೋಗ್ರಾಂ ಬರೆದು ಹಾಕಿದ. ಚಿಪ್ ಅದೇ. ಸ್ವಿಚ್ ಹಿಡ್ಕೊಂಡು ನೂರು ಸಲ ಎಣಿಸಿದ್ದು ಮಾತ್ರ ನಾನು. ಕೊನೇ ಫೋಟೋದಲ್ಲಿ ಕೈ ನಂದೇ.

ನಿಮ್ಮ ಮನೇಲಿ ಕರೆಂಟ್ ಹೋಗಿ ಬಂದ್ಮೇಲೆ ಎಲ್ಲಾ ಮರೆಯೋ ಸಾಮಾನು ಯಾವುದು? ಕಾಮೆಂಟಲ್ಲಿ ಹೇಳಿ. ಸ್ಟಾರ್ಟರ್ ಇರೋ ಮನೆಯವರಿಗೆ ಶೇರ್ ಮಾಡಿ.

#ಕೋಲಾರ #ಶ್ರೀನಿವಾಸಪುರ #ಬೋರ್‌ವೆಲ್ #ಬಿಕಾಂಹುಡುಗನಲೆಕ್ಕ