ಚಲುವೆ ಪುಡಿಯೂ ಬ್ಲೀಚಿಂಗ್ ಪೌಡರೂ

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಇಂದು ನನ್ನ ವೃತ್ತಿಬಾಂಧವರ ಮೇಲೆಯೇ ಒಂದು ಆಪಾದನೆಯನ್ನು ಹೊರಿಸಲು ಹೊರಟಿದ್ದೇನೆ. ಆಪಾದಿತರ ಸಾಲಿನಲ್ಲಿ ಮೊದಲು ನಿಲ್ಲುವವನು ನಾನೇ ಆದ್ದರಿಂದ ಯಾರೂ ಬೇಸರಿಸಬಾರದು. ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ನಾವು ಪರೀಕ್ಷೆಗೆಂದು ಕಲಿಸಿದೆವೇ ಹೊರತು ಮನೆಗೆಂದು ಕಲಿಸಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಬ್ಬದ ಮುನ್ನಾದಿನ ಬಚ್ಚಲುಮನೆ ತೊಳೆಯಲು ನಿಂತಳು. ಬೋರ್‌ವೆಲ್ ನೀರಿನ ಬಿಳಿಯ ಕಲೆ ಹೋಗಲೆಂದು ಆಸಿಡ್ ಸುರಿದಳು. ಪಾಚಿಯೂ ಹೋಗಲೆಂದು ಅದರ ಮೇಲೆಯೇ ಬ್ಲೀಚಿಂಗ್ ಪೌಡರ್ ಎರಚಿದಳು. ಕ್ಷಣಮಾತ್ರದಲ್ಲಿ ಕಣ್ಣು, ಮೂಗು, ಗಂಟಲು ಉರಿದು, ಕೆಮ್ಮು ಹತ್ತಿ, ಉಸಿರೇ ಕಟ್ಟಿತಂತೆ. ಮನೆಯವರು ಎಳೆದು ಹೊರತಂದದ್ದರಿಂದ ಬದುಕಿದಳು. ಆಸ್ಪತ್ರೆಯಲ್ಲಿ ನೋಡಲು ಹೋದ ನನ್ನನ್ನು ಅವಳು ಕೇಳಿದ ಪ್ರಶ್ನೆ ಇದು: “ಸಾರ್, ನಾವು ಓದಿದ ಚಲುವೆ ಪುಡಿ ಅಂದರೆ ಇದೇನಾ?”

ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗಿ ಅವಳು. ಚಲುವೆ ಪುಡಿಯ ಸೂತ್ರ, ತಯಾರಿಕೆ, ಉಪಯೋಗಗಳನ್ನು ತಪ್ಪಿಲ್ಲದೆ ಬರೆದಿದ್ದಳು. ಪೂರ್ಣಾಂಕ ಕೊಟ್ಟವನು ನಾನು. ಪುಸ್ತಕದ ಚಲುವೆ ಪುಡಿಯೂ ಅಂಗಡಿಯ ಬ್ಲೀಚಿಂಗ್ ಪೌಡರೂ ಒಂದೇ ಎಂದು ಒಂದು ಮಾತು ಹೇಳಿದ ನೆನಪು ನನಗಿಲ್ಲ. ಹಾಗೆಯೇ ‘ಹೈಡ್ರೋಕ್ಲೋರಿಕ್ ಆಮ್ಲ’ವು ಪ್ರಯೋಗಾಲಯದ ಕಪಾಟಿನಲ್ಲಿ ಉಳಿಯಿತು, ‘ಆಸಿಡ್’ ಬಚ್ಚಲಿನ ಮೂಲೆಯಲ್ಲಿ ಉಳಿಯಿತು. ಎರಡಕ್ಕೂ ಪರಿಚಯವೇ ಆಗಲಿಲ್ಲ.

ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಅನಿಲ ಹಾಯಿಸಿದರೆ ಚಲುವೆ ಪುಡಿಯಾಗುತ್ತದೆ ಎಂಬ ಸಮೀಕರಣವನ್ನು ನಾವು ಮಕ್ಕಳಿಂದ ಹತ್ತಾರು ಬಾರಿ ಬರೆಯಿಸುತ್ತೇವೆ. ಅದೇ ಪುಡಿಗೆ ಆಮ್ಲ ಸೇರಿದರೆ ಒಳಗಿನ ಕ್ಲೋರಿನ್ ಮತ್ತೆ ಹೊರಬರುತ್ತದೆ ಎಂಬುದು ಮುಂದಿನ ಒಂದೇ ಹೆಜ್ಜೆ. ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ನೆಲದ ಮಟ್ಟದಲ್ಲಿಯೇ, ಕುಕ್ಕರುಗಾಲಿನಲ್ಲಿ ಕುಳಿತು ಉಜ್ಜುವವರ ಮುಖದ ಸುತ್ತಲೇ ಹರಡಿಕೊಳ್ಳುತ್ತದೆ. ಶ್ವಾಸನಾಳದ ತೇವದೊಡನೆ ಸೇರಿ ಅಲ್ಲಿಯೇ ಆಮ್ಲವಾಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಬಿಟ್ಟದ್ದು ಇದೇ ಕ್ಲೋರಿನ್ ಅನ್ನು. ಯುದ್ಧದ ಇಸವಿಯನ್ನು ಚರಿತ್ರೆಯ ಮೇಷ್ಟ್ರು ಉರು ಹೊಡೆಸುತ್ತಾರೆ, ಸೂತ್ರವನ್ನು ನಾವು. ಬಚ್ಚಲುಮನೆಯ ಮಾತನ್ನು ಆಡುವವರು ಯಾರು?

ನನ್ನ ಅಜ್ಜಿಗೆ ಲಿಟ್ಮಸ್ ಕಾಗದ ಗೊತ್ತಿರಲಿಲ್ಲ. ಆದರೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಆರತಿಗೆ ಕೆಂಪು ಓಕುಳಿ ಮಾಡುತ್ತಿದ್ದಳು. ಹುಣಸೆಹುಳಿಯಿಂದ ಹಿತ್ತಾಳೆ ಕೊಡವನ್ನು ಬೆಳಗುತ್ತಿದ್ದಳು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಕೂಡದು ಎಂಬುದು ಅವಳ ಕಟ್ಟಪ್ಪಣೆ. ಹುಳಿಗೆ ತಾಮ್ರ, ಹಿತ್ತಾಳೆ ಕಿಲುಬುಗಟ್ಟಿ ಅಡಿಗೆ ಕೆಡುವುದನ್ನು ಅನುಭವದಿಂದ ಅರಿತವರು ಆ ತಿಳಿವಳಿಕೆಯನ್ನು ಒಂದು ‘ಕೂಡದು’ ಎಂಬ ಮಾತಿನಲ್ಲಿ ಕಟ್ಟಿಟ್ಟಿದ್ದರು. ಹೊಸ ಪದಾರ್ಥಗಳು ಮನೆಯೊಳಗೆ ಬಂದವು. ಅವುಗಳ ‘ಕೂಡದು’ಗಳನ್ನು ತರಬೇಕಾಗಿದ್ದವರು ನಾವು, ತರಲಿಲ್ಲ. (ಅಜ್ಜಿ ಹೇಳಿದ್ದೆಲ್ಲವೂ ವಿಜ್ಞಾನವೆಂದು ಎದೆಯುಬ್ಬಿಸುವವರ ಪಂಗಡಕ್ಕೆ ನನ್ನನ್ನು ಸೇರಿಸಬೇಡಿ. ಸುಟ್ಟ ಗಾಯಕ್ಕೆ ಶಾಯಿ ಸುರಿದವಳೂ ಅವಳೇ.)

ನಾವು ಕಲಿಸಿದ್ದರಿಂದಲೇ ಕೇಡಾಗುವುದೂ ಉಂಟು. ಆಮ್ಲವನ್ನು ಪ್ರತ್ಯಾಮ್ಲ ತಟಸ್ಥಗೊಳಿಸುತ್ತದೆ ಎಂದು ಕಲಿತ ಹುಡುಗ ಮೈಮೇಲೆ ಆಸಿಡ್ ಬಿದ್ದರೆ ಅಡಿಗೆ ಸೋಡಾ ಹಚ್ಚಬೇಕೆಂದು ಬರೆಯುತ್ತಾನೆ. ನಾವು ಸರಿ ಗುರುತು ಹಾಕುತ್ತೇವೆ. ತಟಸ್ಥೀಕರಣದಲ್ಲಿ ಶಾಖ ಹುಟ್ಟುತ್ತದೆಂದು ಕಲಿಸಿದವರೂ ನಾವೇ ತಾನೆ? ಆಗ ಮಾಡಬೇಕಾದದ್ದು ಆಸಿಡ್ ತಾಗಿದ ಬಟ್ಟೆಯನ್ನು ತೆಗೆದು, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು, ವೈದ್ಯರ ಬಳಿಗೆ ಓಡುವುದು. ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸಲೇಬಾರದು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ.

ಇದು ಸರ್ಕಾರದ ಕೆಲಸ, ಶಾಲೆಯದಲ್ಲ ಎಂದು ಸ್ನೇಹಿತರೊಬ್ಬರು ವಾದಿಸಿದರು. ಸರ್ವೋಚ್ಚ ನ್ಯಾಯಾಲಯವು 2013ರ ಜುಲೈನಲ್ಲಿ, ಆಸಿಡ್ ದಾಳಿಗಳನ್ನು ತಡೆಯುವ ಸಲುವಾಗಿ, ಕೊಳ್ಳುವವರ ವಿವರ ದಾಖಲಿಸದೆ, ಗುರುತಿನ ಚೀಟಿ ನೋಡದೆ ಆಸಿಡ್ ಮಾರಕೂಡದೆಂದೂ 18 ವರ್ಷ ತುಂಬದವರಿಗೆ ಕೊಡಲೇಬಾರದೆಂದೂ ಆಜ್ಞೆ ಮಾಡಿತು. ಅದಾದ ಮೇಲೂ ನಾನು ಒಂದು ಅಂಗಡಿಗೆ ಹೋಗಿ ಕೇಳಿದಾಗ ತಂಪುಪಾನೀಯದ ಹಳೆಯ ಬಾಟಲಿಯೊಂದು ಬಂತು. ಅದರ ಮೇಲೆ ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ; ಮಾವಿನಹಣ್ಣಿನ ಚಿತ್ರವಿತ್ತು! ರಿಜಿಸ್ಟರ್ ಎಲ್ಲಿ ಎಂದೆ. “ನಿಮ್ಮ ಹತ್ತಿರ ಎಂಥ ರಿಜಿಸ್ಟರ್ ಮೇಷ್ಟ್ರೇ!” ಎಂದು ಆತ ನಕ್ಕ. ಆ ಬಾಟಲಿಯನ್ನು ಕಂಡ ಮಗುವಿಗೆ ಇನ್ನಾರು ಎಚ್ಚರಿಕೆ ಹೇಳುತ್ತಾರೆ?

ಸಮಯವಿಲ್ಲ, ಪೋರ್ಷನ್ ಮುಗಿಯುವುದಿಲ್ಲ ಎನ್ನುವವರಿಗೆ ಉತ್ತರಿಸಿ ಸಾಕಾಗಿದೆ. ಈ ಮಾತಿಗೆ ಬೇಕಾದದ್ದು ಐದು ನಿಮಿಷ. ನಾನು ಬರೆದದ್ದು ಅತಿರೇಕವೆನಿಸಿದರೆ, ನಾಳೆ ಹತ್ತನೆಯ ತರಗತಿಗೆ ಹೋದಾಗ ಯಾರಾದರೂ ಹತ್ತು ಮಕ್ಕಳನ್ನು ಕೇಳಿ: ಬಚ್ಚಲಿಗೆ ಹಾಕುವ ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರಿಸಿದರೆ ಏನಾಗುತ್ತದೆ? ಹತ್ತರಲ್ಲಿ ಐವರು ಸರಿಯಾಗಿ ಹೇಳಿದರೂ ಸಾಕು, ಈ ಬರಹವನ್ನು ಹಿಂದಕ್ಕೆ ಪಡೆಯುತ್ತೇನೆ.