ಮುಂಬಯಿಯಲ್ಲಿ ಬಿಡಾರ ಹೂಡುವ ಮುನ್ನ

ಕಳೆದ ಜೂನ್ ತಿಂಗಳ ಒಂದು ಸಾಯಂಕಾಲ ನನ್ನ ಹಳೆಯ ಶಿಷ್ಯನೊಬ್ಬನು ಪತ್ನೀಸಮೇತನಾಗಿ ಧಾರವಾಡದ ನಮ್ಮ ಮನೆಗೆ ಬಂದನು. ನಾಲ್ಕು ವರ್ಷದ ಮಗಳು ತಂದೆಯ ಬೆರಳು ಹಿಡಿದಿದ್ದಳು. ಎಂಟು ತಿಂಗಳ ಕೂಸು ತಾಯಿಯ ಹೆಗಲ ಮೇಲೆ ನಿದ್ರಿಸುತ್ತಿದ್ದಿತು. ಕುಶಲಪ್ರಶ್ನೆಗಳಾದ ತರುವಾಯ ಅವನು, “ಗುರುಗಳೇ, ನನಗೆ ಮುಂಬಯಿಯಲ್ಲಿ ನೌಕರಿ ದೊರೆತಿದೆ. ಇಲ್ಲಿ ಬರುತ್ತಿದ್ದುದು ೪೦,೦೦೦, ಅಲ್ಲಿ ೭೫,೦೦೦. ಬರುವ ತಿಂಗಳೇ ಎಲ್ಲರೂ ಹೊರಡಬೇಕೆಂದಿದ್ದೇವೆ. ತಮ್ಮ ಆಶೀರ್ವಾದವಾಗಬೇಕು” ಎಂದನು.

ಆಶೀರ್ವಾದಕ್ಕೆ ನನ್ನಲ್ಲಿ ಕೊರತೆಯಿಲ್ಲ. ಆದರೆ ಅದರಿಂದ ಮನೆಯ ಬಾಡಿಗೆ ತೀರುವುದಿಲ್ಲ. “ಬಿಡಾರದ ವಿಚಾರ ಮಾಡಿರುವೆಯೇನಪ್ಪಾ?” ಎಂದು ಕೇಳಿದೆನು. ಅವನು ಜೇಬಿನಿಂದ ಒಂದು ಕಾಗದವನ್ನು ತೆಗೆದನು. ಕಚೇರಿಯಿರುವುದು ಅಂಧೇರಿಯ ಪೂರ್ವಭಾಗದಲ್ಲಿ. ಅಲ್ಲಿಯೇ ನಡುಮನೆ, ಒಂದು ಕೋಣೆ, ಅಡಿಗೆಮನೆಗಳಿರುವ ಬಿಡಾರಕ್ಕೆ ೪೦,೦೦೦, ಮೀರಾ ರೋಡಿನಲ್ಲಿ ೨೦,೦೦೦, ವಿರಾರಿನಲ್ಲಿ ೧೧,೦೦೦. ಕೊನೆಯ ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದನು.

“ನಿನ್ನ ಅಭಿಪ್ರಾಯವೇನು, ತಾಯೀ?” ಎಂದು ಆ ಸಾಧ್ವಿಯನ್ನು ಕೇಳಿದೆನು. ಆಕೆ ತಲೆ ತಗ್ಗಿಸಿಯೇ ಹೇಳಿದಳು: “ಲೆಕ್ಕವೆಲ್ಲ ಸರಿಯಾಗಿದೆ, ಗುರುಗಳೇ. ಇವರು ಮನೆಯಲ್ಲಿರುವುದು ಎಷ್ಟು ಹೊತ್ತು ಎಂಬುದನ್ನು ಮಾತ್ರ ಆ ಕಾಗದದಲ್ಲಿ ಬರೆದಿಲ್ಲ.”

ವಾಚಕ ಮಹಾಶಯರೇ, ಈ ತಿಂಗಳ ಲೇಖನಕ್ಕೆ ಆ ಒಂದು ಮಾತೇ ಆಧಾರ. ನಮ್ಮ ಹಿರಿಯರು ‘ಯೋಗಕ್ಷೇಮ’ ಎಂಬ ಪದವನ್ನು ಸುಮ್ಮನೆ ಜೋಡಿಸಿದವರಲ್ಲ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹೆಚ್ಚಿನ ಸಂಬಳವು ಯೋಗವೇ ಸರಿ. ಆದರೆ ಊರು ಬಿಡುವ ಗೃಹಸ್ಥನು ಯೋಗದ ಲೆಕ್ಕವನ್ನು ಮಾತ್ರ ಬರೆದು, ಕ್ಷೇಮದ ಪುಟವನ್ನು ಖಾಲಿ ಬಿಡುವುದುಂಟು. ನಾನೂ ಹಾಗೆಯೇ ಬಿಟ್ಟವನು.

೧೯೯೬ನೆಯ ಇಸವಿಯಲ್ಲಿ ನಾನು ದಾದರಿನ ಸಮೀಪದ ಒಂದು ಕನ್ನಡ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ಬಾಡಿಗೆ ಅಗ್ಗವೆಂದು ಕಲ್ಯಾಣದಿಂದಾಚೆ, ಅಂಬರನಾಥದಲ್ಲಿ, ಎರಡು ಕೋಣೆಗಳ ಬಿಡಾರ ಹಿಡಿದೆನು. ಪ್ರತಿ ತಿಂಗಳು ಉಳಿದ ಹಣವನ್ನು ಎಣಿಸಿ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆನು. ಮನೆಯಾಕೆಗೆ ಕನ್ನಡದ ಹೊರತು ಬೇರೆ ಭಾಷೆ ಬಾರದು. ವೈದ್ಯರ ಮನೆ ಯಾವ ಬೀದಿಯಲ್ಲಿದೆಯೆಂದು ನಾನು ತೋರಿಸಿರಲಿಲ್ಲ. ನೆರೆಮನೆಯವರ ಪರಿಚಯವನ್ನೂ ಮಾಡಿಸಿರಲಿಲ್ಲ. ಮಳೆಗಾಲದ ಒಂದು ದಿನ ಕುರ್ಲಾದ ಬಳಿ ಹಳಿಗಳ ಮೇಲೆ ನೀರು ನಿಂತು ಗಾಡಿಗಳೆಲ್ಲ ನಿಂತುಹೋದವು. ನಾನು ರಾತ್ರಿಯನ್ನು ನಿಲ್ದಾಣದಲ್ಲಿಯೇ ಕಳೆದು ಮರುದಿನ ಬೆಳಿಗ್ಗೆ ಮನೆ ಸೇರಿದೆನು. ಆ ರಾತ್ರಿ ಎರಡು ವರ್ಷದ ನಮ್ಮ ಮಗಳಿಗೆ ಜ್ವರದ ತಾಪದಿಂದ ಸೆಳೆತ ಬಂದಿದ್ದಿತು. ಮನೆಯಾಕೆ ಕೂಸನ್ನೆತ್ತಿಕೊಂಡು ನೆರೆಮನೆಯ ಕದ ತಟ್ಟಿದಳು. ಬಾಯಿಂದ ಮಾತು ಹೊರಡಲಿಲ್ಲ, ಅತ್ತಳು. ಆ ಮನೆಯ ಮರಾಠಿ ಅಜ್ಜಿಗೆ ಅಷ್ಟು ಸಾಕಾಯಿತು. ಮೊಣಕಾಲುದ್ದ ನೀರಿನಲ್ಲಿ ತನ್ನ ಮಗನನ್ನು ಮುಂದೆ ಮಾಡಿಕೊಂಡು ವೈದ್ಯರಲ್ಲಿಗೆ ಕರೆದೊಯ್ದಳು. ಮಗು ಉಳಿಯಿತು, ಇಂದು ತಾನೇ ಎರಡು ಮಕ್ಕಳ ತಾಯಿ. ಆದರೆ ಅಂದಿನಿಂದ ಬಾಡಿಗೆಯಲ್ಲಿ ಉಳಿಸಿದ ಹಣವನ್ನು ಎಣಿಸುವಾಗ ನನ್ನ ಕೈ ನಡುಗುತ್ತಿದ್ದಿತು.

ಈ ವೃತ್ತಾಂತವನ್ನು ಹೇಳಿ, ಶಿಷ್ಯನ ಕಾಗದವನ್ನು ತಿರುವಿ, ಹೊಸದಾಗಿ ಲೆಕ್ಕ ಹಾಕಿದೆವು.

ಧಾರವಾಡದಲ್ಲಿ ೯,೦೦೦ ಬಾಡಿಗೆ ಕಳೆದು ಅವನಿಗೆ ಉಳಿಯುತ್ತಿದ್ದುದು ೩೧,೦೦೦. ಅಂಧೇರಿಯಲ್ಲಿ ನಿಂತರೆ ಉಳಿಯುವುದು ೩೫,೦೦೦. ಸಂಬಳ ೩೫,೦೦೦ ಹೆಚ್ಚಿತಾದರೂ ಸಂಸಾರಕ್ಕೆ ಹೆಚ್ಚಿದುದು ಬರಿಯ ೪,೦೦೦. ಅದನ್ನು ಹಾಲು, ತರಕಾರಿ, ಶಾಲೆಯ ಶುಲ್ಕಗಳೇ ನುಂಗುವುವು. ವಿರಾರಿನಲ್ಲಿ ೬೪,೦೦೦ ಉಳಿಯುತ್ತದೆ. ಆದರೆ ಹೊಸಿಲಿನಿಂದ ಕಚೇರಿಯ ಬಾಗಿಲಿಗೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ತಿಂಗಳಿಗೆ ೨೪ ದಿನ ಕೆಲಸವೆಂದರೆ ೭೨ ಗಂಟೆ, ಅಂದರೆ ಮೂರು ಅಹೋರಾತ್ರಗಳು ಗಾಡಿಯಲ್ಲಿಯೂ ಬೀದಿಯಲ್ಲಿಯೂ ಕಳೆಯುವುವು. ವಿರಾರಿನಿಂದಲೇ ಹೊರಡುವ ಗಾಡಿಯಲ್ಲಿ ಬೆಳಿಗ್ಗೆ ಕುಳಿತುಕೊಳ್ಳಲು ಸ್ಥಳ ದೊರೆತೀತು. ಸಂಜೆ ಅಂಧೇರಿಯಲ್ಲಿ ಹತ್ತುವುದೇ ಒಂದು ಸಾಹಸ. ಮೀರಾ ರೋಡಿನಿಂದ ಹೋಗಲೊಂದು, ಬರಲೊಂದು ಗಂಟೆಯೆಂದಿಟ್ಟುಕೊಂಡರೂ ತಿಂಗಳಿಗೆ ೪೮ ಗಂಟೆ. ಹೆಚ್ಚಿನ ೯,೦೦೦ ಕೊಟ್ಟು ಅವನು ಮಕ್ಕಳಿಗಾಗಿ ಪ್ರತಿ ತಿಂಗಳು ಒಂದು ಪೂರ್ಣ ಹಗಲು, ಒಂದು ಪೂರ್ಣ ರಾತ್ರಿಯನ್ನು ಕೊಂಡುಕೊಂಡಂತಾಯಿತು. ಇದು ದುಂದುಗಾರಿಕೆಯಲ್ಲ. ಸಂಬಳದ ಮೂರನೆಯ ಒಂದು ಭಾಗದೊಳಗೆ ಬಾಡಿಗೆಯೂ ಪ್ರಯಾಣವೂ ಅಡಗಬೇಕು. ಆ ಮಿತಿಯೊಳಗೆ ಕಚೇರಿಗೆ ಎಷ್ಟು ಹತ್ತಿರ ಬರಲು ಸಾಧ್ಯವೋ ಅಷ್ಟು ಹತ್ತಿರ ಬರಬೇಕು. ಇದು ನನ್ನ ಸೂತ್ರ.

ಇನ್ನೊಂದು ಮಾತು. ಅವನು ಪಶ್ಚಿಮ ರೈಲುಮಾರ್ಗವನ್ನು ಮಾತ್ರ ನೋಡಿದ್ದನು. ೨೦೧೪ರಲ್ಲಿ ಆರಂಭವಾದ ವರ್ಸೋವಾ–ಘಾಟ್ಕೋಪರ ಮೆಟ್ರೋ ಅಂಧೇರಿಯನ್ನು ಮಧ್ಯ ರೈಲುಮಾರ್ಗಕ್ಕೆ ಜೋಡಿಸಿದೆ. ಹೀಗಿರಲು ಠಾಣೆಯ ಕಡೆಯ ಬಿಡಾರವನ್ನೂ ವಿಚಾರಿಸದೆ ನಿರ್ಧರಿಸಬಾರದು. ಮುಂಬಯಿಯಲ್ಲಿ ದೂರವನ್ನು ಮೈಲಿಯಿಂದ ಅಳೆಯಲಾಗದು. ಎಷ್ಟು ಸಲ ಗಾಡಿ ಬದಲಿಸಬೇಕು ಎಂಬುದರಿಂದ ಅಳೆಯಬೇಕು.

ಹೊರಡುವ ಮುನ್ನ ಕೈಯಲ್ಲಿರಬೇಕಾದ ಹಣದ ವಿಚಾರ. ೨೦,೦೦೦ ಬಾಡಿಗೆಯ ಮನೆಗೆ ನಾಲ್ಕು ತಿಂಗಳ ಠೇವಣಿ ಕೇಳಿದರೆ ೮೦,೦೦೦. ದಲಾಲನಿಗೆ ಒಂದು ತಿಂಗಳ ಬಾಡಿಗೆ. ಮೊದಲ ತಿಂಗಳಿನದು ಮುಂಗಡ. ಇಷ್ಟಕ್ಕೇ ೧,೨೦,೦೦೦ ಆಯಿತು. ಲಾರಿಯ ಬಾಡಿಗೆ ಬೇರೆ, ಮೊದಲ ಸಂಬಳ ಬರುವವರೆಗಿನ ಊಟದ ವೆಚ್ಚ ಬೇರೆ. ಇದನ್ನು ಸಾಲದಿಂದ ಹೊಂದಿಸಿ ಹೊರಟವನ ಹೊಸ ಸಂಬಳವು ಮನೆಗೆ ಬರುವ ಮೊದಲೇ ಹಳೆಯ ಬಡ್ಡಿಗೆ ಹೋಗುವುದು. ದೊಡ್ಡ ಮಂಚ, ಬೀರುಗಳನ್ನು ಇಲ್ಲಿಯೇ ಮಾರಿಬಿಡುವುದು ಲೇಸು. ಅಲ್ಲಿಯ ಕೋಣೆಗಳಿಗೆ ಅವು ಹಿಡಿಸುವುದಿಲ್ಲ.

ಕರಾರಿನ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಅಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಎಂಬ ಕರಾರು ರೂಢಿ. ಅವಧಿ ಸಾಮಾನ್ಯವಾಗಿ ೧೧ ತಿಂಗಳು. ೧೯೯೯ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ ೫೫ನೆಯ ಕಲಮಿನಂತೆ ಕರಾರು ಲಿಖಿತವಾಗಿಯೂ ನೋಂದಾಯಿತವಾಗಿಯೂ ಇರತಕ್ಕದ್ದು. ನೋಂದಾಯಿಸುವ ಹೊಣೆ ಮನೆಯ ಒಡೆಯನದು. ಅವಧಿ ಮುಗಿದ ಮೇಲೂ ಮನೆ ಬಿಡದವನು ಎರಡು ಪಟ್ಟು ತೆರಬೇಕಾದೀತು. ಆದುದರಿಂದ ಮಕ್ಕಳುಳ್ಳವರು ಮೊದಲೇ ಎರಡು ಮೂರು ವರ್ಷಗಳ ಅವಧಿಯನ್ನು ಕೇಳಬೇಕು. ಇಲ್ಲವಾದರೆ ವರ್ಷವರ್ಷವೂ ಗಂಟುಮೂಟೆ, ವರ್ಷವರ್ಷವೂ ಬೇರೆ ಶಾಲೆ. ಶಾಲೆಗಳು ಜೂನಿನಲ್ಲಿ ಆರಂಭವಾಗುವುದರಿಂದ ಪ್ರವೇಶದ ವಿಚಾರಣೆ ಬಹಳ ಮುಂಚೆಯೇ ನಡೆಯಬೇಕು. ೨೦೨೦ರ ಕಾಯಿದೆಯಂತೆ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯ. ಮಗುವಿಗಿಂತ ಮೊದಲು ತಾಯಿಯೇ ನಾಲ್ಕು ಮಾತು ಕಲಿತರೆ ಇಬ್ಬರಿಗೂ ಹಿತ.

ಎಲ್ಲಕ್ಕಿಂತ ಮುಖ್ಯವಾದುದು: ಗಂಡನು ಮೊದಲು ಒಬ್ಬನೇ ಹೋಗಿ ಮಳೆಗಾಲದ ಕೆಲವು ವಾರಗಳನ್ನು ಅಲ್ಲಿ ಕಳೆಯಬೇಕು. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಝಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿದುದನ್ನು ಆ ನಗರವು ಮರೆತಿಲ್ಲ. ಬೇಸಗೆಯಲ್ಲಿ ನೋಡಿದ ನೆಲಮಹಡಿಯ ಮನೆ ಶ್ರಾವಣದಲ್ಲಿ ಕೆರೆಯಾಗಬಹುದು. ನಲ್ಲಿಯಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಒಡೆಯನನ್ನಲ್ಲ, ನೆರೆಮನೆಯ ಹೆಂಗಸನ್ನು ಕೇಳಬೇಕು. ಮುಂಗಡ ಕೊಡುವ ಮುನ್ನ ಮನೆಯಾಕೆ ಒಮ್ಮೆ ಬಂದು ನೋಡಬೇಕು; ಇಡೀ ದಿನ ಆ ಗೋಡೆಗಳ ನಡುವೆ ಇರುವವಳು ಆಕೆ. ಕನ್ನಡದ ದನಿ ಬೇಕೆನಿಸಿದಾಗ ಮಾಟುಂಗಾದಲ್ಲಿ ೧೯೨೬ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘವೂ ಇದೆ. ಆದರೆ ರಾತ್ರಿ ಕದ ತಟ್ಟಿದರೆ ತೆರೆಯುವುದು ನೆರೆಮನೆಯೇ.

ಶಿಷ್ಯನು ಒಬ್ಬನೇ ಹೋದನು. ಮೊನ್ನೆ ಅವನ ಪತ್ರ ಬಂದಿತು. ಅಗ್ಗದ ಮನೆಯೊಂದನ್ನು ಬಹುಮಟ್ಟಿಗೆ ಒಪ್ಪಿಕೊಂಡಿದ್ದನಂತೆ. ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ ನೀರಿನ ಗುರುತು ಕಂಡು ಹಿಂದಿರುಗಿದನಂತೆ. ಮೀರಾ ರೋಡಿನಲ್ಲಿ ಮೂರನೆಯ ಮಹಡಿಯ ಇನ್ನೊಂದು ಬಿಡಾರ ನೋಡಿರುವನು. ಹೆಂಡತಿ ಎರಡು ದಿನದ ಮಟ್ಟಿಗೆ ಹೋಗಿ, ಒಡೆಯನೊಡನೆ ಮಾತಾಡುವ ಮೊದಲು ಎದುರುಮನೆಯವರೊಡನೆ ಅರ್ಧ ಗಂಟೆ ಕುಳಿತು ಬಂದಳಂತೆ. ವೈದ್ಯರ ಮನೆ ಎರಡನೆಯ ತಿರುವಿನಲ್ಲಿದೆಯೆಂದು ಆಕೆಯೇ ವಿಚಾರಿಸಿ ತಿಳಿದಳಂತೆ.

ಅವರಿಗೆ ಈಗ ಮನಃಪೂರ್ವಕವಾಗಿ ಆಶೀರ್ವಾದ ಕಳುಹಿದ್ದೇನೆ. ಹೊರಡಲು ಸಿದ್ಧರಾಗಿರುವ ಇತರ ಗೃಹಸ್ಥರಿಗೂ ಅದೇ ಆಶೀರ್ವಾದ. ಆದರೆ ತಮ್ಮ ಲೆಕ್ಕದ ಕಾಗದವನ್ನು ಒಮ್ಮೆ ಮನೆಯಾಕೆಯ ಕೈಗೆ ಕೊಟ್ಟು, ಬಿಟ್ಟುಹೋದುದೇನೆಂದು ಕೇಳಿದ ಮೇಲೆ.