ಇದ್ದಿಲ ಪುಡಿಗೂ ಮುಂಚಿನ ಕೈಗಳು

ಊರಿನ ಕಸದ ಮಾತು ಬಂದಾಗಲೆಲ್ಲ ಜರ್ಮನಿಯ ನಮ್ಮ ಕನ್ನಡ ಕೂಟದಲ್ಲಿ ಯಾರಾದರೊಬ್ಬರು ನನ್ನತ್ತ ತಿರುಗುತ್ತಾರೆ: 'ನಿಮ್ಮ ಆ ಇದ್ದಿಲ ಪುಡಿ ಹಾಕಿದರೆ ಬೆಂಗಳೂರಿನ ಸಮಸ್ಯೆ ಮುಗಿಯಿತಲ್ಲವೇ?' ಮುಗಿಯುವುದಿಲ್ಲ. ಮುಗಿಯುತ್ತದೆಂದು ನಂಬಿಸಿದವರಲ್ಲಿ ನನ್ನಂಥ ಸಂಶೋಧಕರೇ ಮೊದಲಿಗರು.

ವಿಜ್ಞಾನದ ಬಗ್ಗೆ ತಕರಾರಿಲ್ಲ. ಅನ್ನ, ತರಕಾರಿ, ಹಣ್ಣಿನ ತ್ಯಾಜ್ಯ ಸಗಣಿಗಿಂತ ಬೇಗ ಕೊಳೆಯುತ್ತದೆ. ಗಾಳಿಯಾಡದ ತೊಟ್ಟಿಯಲ್ಲಿ ಆಮ್ಲ ಹೆಚ್ಚಾಗಿ, ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಕೈಚೆಲ್ಲುತ್ತವೆ. ಸಕ್ರಿಯ ಇಂಗಾಲ, ಬಯೋಚಾರ್‌ನಂಥ ಕಣಗಳನ್ನು ಬೆರೆಸಿದರೆ, ಆಮ್ಲವನ್ನು ಒಡೆಯುವ ಬ್ಯಾಕ್ಟೀರಿಯಾಗಳು ಆ ಕಣಗಳ ಮೂಲಕವೇ ತಮ್ಮ ಎಲೆಕ್ಟ್ರಾನುಗಳನ್ನು ಮೀಥೇನ್ ಜೀವಿಗಳಿಗೆ ದಾಟಿಸಬಲ್ಲವು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡೆರೆಕ್ ಲವ್ಲಿಯವರ ತಂಡ 2010ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟಿತು. ನಿಜವಾದ ತೊಟ್ಟಿಯಲ್ಲಿ ಎಷ್ಟು ಫಲ ಈ ದಾಟುವಿಕೆಯದು, ಎಷ್ಟು ಇದ್ದಿಲಿನ ಕ್ಷಾರಗುಣದ್ದು ಎಂಬ ಜಗಳ ಇನ್ನೂ ನಡೆದಿದೆ. ನಡೆಯಲಿ.

ಆದರೆ ನಮ್ಮ ಪ್ರಬಂಧಗಳ 'ವಿಧಾನ' ಭಾಗದಲ್ಲೊಂದು ಪುಟ್ಟ ವಾಕ್ಯವಿರುತ್ತದೆ: ಆಹಾರ ತ್ಯಾಜ್ಯದಿಂದ ಮೂಳೆ, ಪ್ಲಾಸ್ಟಿಕ್ ಮುಂತಾದವನ್ನು ತೆಗೆದು ರುಬ್ಬಲಾಯಿತು. ಕರ್ಮಣಿ ಪ್ರಯೋಗ, ಕರ್ತೃವಿಗೆ ಅಲ್ಲಿ ಜಾಗವಿಲ್ಲ. ತೆಗೆದವರಾರು? ನನ್ನ ಪ್ರಯೋಗಾಲಯದಲ್ಲಿ ಕೈಗವಸು ತೊಟ್ಟ ವಿದ್ಯಾರ್ಥಿಯೊಬ್ಬ ಕ್ಯಾಂಟೀನಿನ ಒಂದು ಬಕೆಟ್ಟನ್ನು ಅಕ್ಕಿಯ ಕಲ್ಲು ಆರಿಸಿದಂತೆ ಆರಿಸಿದ, ಅದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ಬೆಂಗಳೂರಿನಲ್ಲಿ ಅದೇ ವಾಕ್ಯವನ್ನು ದಿನವೂ ಮಾಡಿ ಮುಗಿಸುವವರು ಪೌರಕಾರ್ಮಿಕರು, ಬಹುಪಾಲು ದಲಿತ ಮಹಿಳೆಯರು. ಒಡೆದ ಗಾಜು, ಬ್ಲೇಡು, ಪ್ಯಾಡುಗಳ ನಡುವಿನಿಂದ ನಮ್ಮ ಹಳಸಿದ ಅನ್ನವನ್ನು ಬೇರ್ಪಡಿಸುವವರು. ಲೀಟರಿಗೆ ಎಷ್ಟು ಗ್ರಾಂ ಇದ್ದಿಲೆಂದು ಲೆಕ್ಕವಿಡುವ ನಾವು ಆ ಶ್ರಮವನ್ನು ಎಲ್ಲಿಯೂ ಲೆಕ್ಕಕ್ಕೆ ಹಿಡಿದಿಲ್ಲ.

ಮೂಲದಲ್ಲೇ ವಿಂಗಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಅಷ್ಟರಲ್ಲಾಗಲೇ ಮಾವಳ್ಳಿಪುರ, ಮಂಡೂರುಗಳ ಜನ ನಗರದ ಬೆರಕೆ ಕಸವನ್ನು ವರ್ಷಗಟ್ಟಲೆ ಸಹಿಸಿ, ಬೀದಿಗಿಳಿದು ಲಾರಿಗಳನ್ನು ತಡೆದಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 'ಸತತ್' ಯೋಜನೆಯಡಿ, 2023ರ ಹೊತ್ತಿಗೆ 5000 ಜೈವಿಕ ಅನಿಲ ಸ್ಥಾವರಗಳೆಂದು ಘೋಷಿಸಿತು. ಗಡುವಿನ ಹೊತ್ತಿಗೆ ಅದರ ಹತ್ತನೇ ಒಂದು ಭಾಗವೂ ಎದ್ದು ನಿಂತಿರಲಿಲ್ಲ. ಕೊರತೆ ಇದ್ದಿಲಿನದಾಗಿತ್ತೇ? ಶುದ್ಧ ಕಚ್ಚಾವಸ್ತುವಿನದು, ಉಳಿದ ಬಗ್ಗಡವನ್ನು ಕೊಳ್ಳುವವರದು.

ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ 1980ರ ದಶಕದಲ್ಲೇ ಈ ಪಾಠ ಕಲಿತಿತ್ತು. ಅಲ್ಲಿ ಸಗಣಿ ತಂದವರಿಗೆ ಕಾಸು ಸಿಗುತ್ತಿತ್ತು, ಬಗ್ಗಡ ಅವರ ಹೊಲಕ್ಕೇ ಮರಳುತ್ತಿತ್ತು, ಊರಿಗೆ ದೀಪವೂ ನೀರೂ ಬಂದವು. ಯಾವ ಪವಾಡದ ಪುಡಿಯೂ ಬೇಕಾಗಲಿಲ್ಲ.

ಜರ್ಮನಿಯಲ್ಲಿ ಹಸಿ ಕಸವನ್ನು ಪ್ರತ್ಯೇಕವಾಗಿ ಸಂಗ್ರಹಿಸುವುದು 2015ರಿಂದ ಕಾನೂನು. ಇಲ್ಲಿ ಕಂದು ಡಬ್ಬಿಗೆ ಚಹಾಚೀಲವನ್ನೂ ಯೋಚಿಸಿ ಹಾಕುವ ನಾವೇ, ರಜೆಗೆ ಜಯನಗರಕ್ಕೆ ಹೋದ ಮರುದಿನ ಎಲ್ಲವನ್ನೂ ಒಂದೇ ಕವರಿಗೆ ತುರುಕಿ ಗೇಟಿನ ಬಳಿ ಇಡುತ್ತೇವೆ. ಇಲ್ಲಿ ದಂಡದ ಭಯವಿದೆ. ಅಲ್ಲಿ ಎತ್ತಲು ಒಂದು ಜಾತಿಯಿದೆ.

ಇತ್ತೀಚೆಗೆ ಪರಿಶೀಲನೆಗೆ ಬಂದ ಪ್ರಬಂಧವೊಂದಕ್ಕೆ ನಾನು ಕೇಳಿದೆ: ಈ ತ್ಯಾಜ್ಯವನ್ನು ಆರಿಸಿದವರು ಯಾರು, ಎಷ್ಟು ಹೊತ್ತು, ಎಷ್ಟು ಕೂಲಿಗೆ? ಪ್ರಶ್ನೆ ಪತ್ರಿಕೆಯ ವ್ಯಾಪ್ತಿಗೆ ಹೊರತೆಂದು ಸಂಪಾದಕರು ಅದನ್ನು ಲೇಖಕರಿಗೆ ಕಳಿಸಲೇ ಇಲ್ಲ. ಮುಂದಿನ ಪ್ರಬಂಧಕ್ಕೂ ಅದನ್ನೇ ಕೇಳಲಿದ್ದೇನೆ.